ಆರೈಕೆ ಮಾಡುವ ಕೈ ಮೇಲೂ ಒಂದು ಕಣ್ಣಿರಲಿ

ಸಂತೆಯಲ್ಲಿ ಬದನೆಕಾಯಿ ಕೊಳ್ಳುವಾಗ ನಾವು ಒಂದೊಂದನ್ನೂ ತಿರುಗಿಸಿ ನೋಡ್ತೀವಿ. ತೂತಿದೆಯಾ, ಹುಳ ಇದೆಯಾ ಅಂತ. ಹಾಲಿನವನು ಒಂದು ದಿನ ನೀರು ಹೆಚ್ಚು ಬೆರೆಸಿದರೆ ಮಾರನೇ ದಿನ ಬಾಗಿಲಲ್ಲೇ ನಿಲ್ಲಿಸಿ ಕೇಳ್ತೀವಿ. ಮಗುವಿನ ಟ್ಯೂಷನ್ ಮಿಸ್ಸು ಹೇಗೆ ಪಾಠ ಮಾಡ್ತಾರೆ ಅಂತ ನಾಲ್ಕು ಮನೆಯಲ್ಲಿ ವಿಚಾರಿಸ್ತೀವಿ. ಆದರೆ ಒಳಕೋಣೆಯಲ್ಲಿ ಹಾಸಿಗೆ ಹಿಡಿದಿರುವ ಅತ್ತೆಯನ್ನೋ, ಮಾವನನ್ನೋ, ಹೆತ್ತ ತಾಯಿಯನ್ನೋ ಒಬ್ಬರ ಕೈಗೆ ಒಪ್ಪಿಸಿದ ಮೇಲೆ, ಅವರ ಬೆನ್ನನ್ನು ತಿರುಗಿಸಿ ನೋಡಿ ಎಷ್ಟು ದಿನವಾಯ್ತು? ನೀವೇ ಹೇಳಿ.

ಈ ಪ್ರಶ್ನೆಯನ್ನು ನಿಮಗೆ ಕೇಳುವ ಮೊದಲು ನನಗೆ ನಾನೇ ಕೇಳಿಕೊಂಡಿದ್ದೇನೆ. ಉತ್ತರ ಹೇಳೋಕೆ ನಾಚಿಕೆಯಾಗುತ್ತೆ. ಆದರೂ ಹೇಳ್ತೀನಿ. ನನ್ನ ಮನೆಯಲ್ಲಿ ಆದದ್ದು ನಿಮ್ಮ ಮನೆಯಲ್ಲಿ ಆಗದಿರಲಿ ಅಂತ.

ಮೂರು ವರ್ಷದ ಹಿಂದೆ ನಮ್ಮ ಅತ್ತೆಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಬಿದ್ದುಹೋಯಿತು. ಮಾತು ತೊದಲು. ಆಸ್ಪತ್ರೆಯಿಂದ ಮನೆಗೆ ಕರೆತಂದಾಗ ನಮ್ಮೆಜಮಾನ್ರು, ‘ನಿನ್ನೊಬ್ಬಳ ಕೈಲಿ ಆಗಲ್ಲ, ಹೋಂ ನರ್ಸ್ ಇಡೋಣ’ ಅಂದರು. ಒಂದು ಏಜೆನ್ಸಿಗೆ ಫೋನ್ ಮಾಡಿದೆವು. ಅಡ್ವಾನ್ಸ್ ಕಟ್ಟಿದೆವು. ಎರಡು ದಿನದಲ್ಲಿ ಇಪ್ಪತ್ತು ವರ್ಷದ ಹುಡುಗಿಯೊಬ್ಬಳು ಬ್ಯಾಗ್ ಹಿಡಿದು ಬಂದಳು. ನಾವು ಅವಳನ್ನು ಕೇಳಿದ್ದು ಮೂರೇ ಪ್ರಶ್ನೆ. ಊರು ಯಾವುದು, ನಾನ್‌ವೆಜ್ ಇಲ್ಲದೆ ಇರ್ತೀಯಾ, ರಾತ್ರಿ ಇಲ್ಲೇ ಮಲಗ್ತೀಯಾ. ‘ಹಾಸಿಗೆ ಹಿಡಿದವರನ್ನು ಈ ಮೊದಲು ನೋಡಿಕೊಂಡಿದ್ದೀಯಾ?’ ಅಂತ ಕೇಳಬೇಕು ಅಂತ ಯಾರಿಗೂ ಹೊಳೆಯಲೇ ಇಲ್ಲ.

ಹುಡುಗಿ ಒಳ್ಳೆಯವಳು. ಮೆತ್ತಗಿನ ಮಾತು. ಅತ್ತೆಯ ತಲೆ ಬಾಚಿ ಜಡೆ ಹಾಕ್ತಿದ್ದಳು, ಹಣೆಗೆ ಕುಂಕುಮ ಇಡ್ತಿದ್ದಳು. ನಾನು ಬಾಗಿಲಲ್ಲಿ ನಿಂತು ನೋಡಿ, ‘ಅತ್ತೆ ಚೆನ್ನಾಗಿ ಕಾಣ್ತಿದ್ದಾರೆ’ ಅಂದುಕೊಂಡು ಒಗ್ಗರಣೆಗೆ ಓಡ್ತಿದ್ದೆ. ಕೋಣೆಯಲ್ಲಿ ಏನೋ ವಾಸನೆ ಅನ್ನಿಸಿದಾಗ ಸಂಜೆ ಸಾಂಬ್ರಾಣಿ ಹಾಕಿಸಿದೆ. ಅಷ್ಟೇ ನಾನು ಮಾಡಿದ್ದು.

ಐದು ವಾರ ಕಳೆದ ಮೇಲೆ ಹಿರಿಯೂರಿನಿಂದ ನನ್ನ ನಾದಿನಿ ಬಂದಳು. ‘ಅಮ್ಮನಿಗೆ ಇವತ್ತು ನಾನೇ ಮೈ ಒರೆಸ್ತೀನಿ’ ಅಂದಳು. ಹತ್ತು ನಿಮಿಷಕ್ಕೆ ಕೋಣೆಯಿಂದ ಕೂಗು. ‘ಅತ್ತಿಗೇ, ಬಾ ಇಲ್ಲಿ!’ ಹೋಗಿ ನೋಡ್ತೀನಿ, ಸೊಂಟದ ಕೆಳಗೆ, ಬೆನ್ನೆಲುಬು ಮುಗಿಯುವಲ್ಲಿ, ಕಪ್ಪಗೆ ಒಂದು ಗಾಯ. ಅಂಗೈ ಅರ್ಧದಷ್ಟು ಅಗಲ. ಅದರ ಮೇಲೆ ಪೌಡರ್ ಮೆತ್ತಿತ್ತು. ಸಾಂಬ್ರಾಣಿ ಹೊಗೆಯಲ್ಲಿ ನಾನು ಮುಚ್ಚಿದ್ದು ಆ ಗಾಯದ ವಾಸನೆಯನ್ನು.

ಹುಡುಗಿ ಅಳುತ್ತಾ ನಿಂತಳು. ‘ಅಕ್ಕಾ, ಮೊದಲು ಬರೀ ಕೆಂಪಗಿತ್ತು. ಬೆವರುಸಾಲೆ ಅಂದುಕೊಂಡೆ. ಆಮೇಲೆ ಸಿಪ್ಪೆ ಎದ್ದಿತು. ಹೇಳಿದ್ರೆ ನೀವು ಬೈತೀರಿ ಅಂತ ಪೌಡರ್ ಹಾಕ್ತಿದ್ದೆ’ ಅಂದಳು. ಏಜೆನ್ಸಿಯವರು ಮೂರು ದಿನ ಏನೋ ಹೇಳಿಕೊಟ್ಟು ಕಳಿಸಿದ್ದರಂತೆ. ಆ ಗಾಯ ಮಾಯಲು ಐದು ತಿಂಗಳು ಹಿಡಿಯಿತು. ದಿನಾ ಡ್ರೆಸ್ಸಿಂಗ್. ಆ ಹೊತ್ತಿಗೆ ಅತ್ತೆ ಎಡಗೈಲಿ ಮಂಚದ ಕಂಬಿ ಹಿಡಿದುಕೊಂಡು ಕಣ್ಣು ಮುಚ್ಚುತ್ತಿದ್ದುದು ನನಗೆ ಇವತ್ತಿಗೂ ಮರೆಯೋಕೆ ಆಗಿಲ್ಲ.

ತಪ್ಪು ಯಾರದು? ಹುಡುಗಿಯದಾ? ಏಜೆನ್ಸಿಯದಾ? ಇಬ್ಬರದೂ ಇದೆ. ಆದರೆ ಐದು ವಾರ ಒಂದೇ ಸೂರಿನ ಕೆಳಗಿದ್ದು ಒಂದು ಸಲವೂ ಸೀರೆ ಸರಿಸಿ ನೋಡದವಳು ನಾನು. ಅದನ್ನು ಬೇರೆಯವರ ಮೇಲೆ ಹಾಕಲಾರೆ.

ಕಿಂಡಿ ಎಲ್ಲಿದೆ ನೋಡಿ

ಚಿತ್ರದುರ್ಗದವರಿಗೆ ಕೋಟೆಯ ಕಥೆ ಹೇಳಬೇಕಿಲ್ಲ. ಏಳು ಸುತ್ತಿನ ಕೋಟೆ, ಬುರುಜು, ಬತೇರಿ ಎಲ್ಲ ಇದ್ದವು. ಹೈದರಾಲಿಯ ಸೈನಿಕರು ನುಗ್ಗಲು ನೋಡಿದ್ದು ಒಬ್ಬರೇ ತೂರಬಹುದಾದ ಕಿಂಡಿಯಲ್ಲಿ. ನೀರಿಗೆ ಹೋದ ಓಬವ್ವ ಅದನ್ನು ಕಂಡಳು, ಒನಕೆ ಹಿಡಿದು ನಿಂತಳು. ನಮ್ಮ ಮನೆಗಳೂ ಹಾಗೇ ಆಗಿವೆ ಅನ್ನಿಸುತ್ತೆ. ಗ್ರಿಲ್ ಇದೆ, ಡಬ್ಬಲ್ ಲಾಕ್ ಇದೆ, ಈಚೆಗೆ ಸಿಸಿ ಕ್ಯಾಮೆರಾ ಕೂಡ ಬಂದಿದೆ. ಕಳ್ಳ ಬರದ ಹಾಗೆ ನೋಡ್ಕೋತೀವಿ. ಆದರೆ ಬಚ್ಚಲ ಜಾರುನೆಲ, ಕುದಿಯುವ ಹಂಡೆ ನೀರು, ಮಲಗಿಸಿ ತಿನ್ನಿಸಿದ ತುತ್ತು, ಒಂದೇ ಮಗ್ಗುಲಲ್ಲಿ ಬಿಟ್ಟ ಬೆನ್ನು, ಇವು ನಮ್ಮ ಮನೆಯ ಕಿಂಡಿಗಳು. ಇಲ್ಲಿಂದ ಬರುವ ಅಪಾಯ ಸದ್ದು ಮಾಡಲ್ಲ.

ಆಸ್ಪತ್ರೆ, ನರ್ಸಿಂಗ್ ಹೋಂಗಳಿಗೆ ನಮ್ಮ ರಾಜ್ಯದಲ್ಲಿ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಇದೆ. ನೋಂದಣಿ ಆಗಬೇಕು, ದರಪಟ್ಟಿ ಹಾಕಬೇಕು. ಹೋಟೆಲಿನ ಅಡಿಗೆಮನೆಗೂ ಲೈಸೆನ್ಸ್ ಬೇಕು. ಆದರೆ ನಿಮ್ಮ ಮನೆಯ ಮಂಚದ ಪಕ್ಕ ನಿಂತು ಒಬ್ಬರು ಅಜ್ಜಿಯನ್ನು ಹೇಗೆ ಎತ್ತುತ್ತಾರೆ, ಹೇಗೆ ಉಣಿಸುತ್ತಾರೆ ಅಂತ ನೋಡೋಕೆ ಯಾವ ಇನ್‌ಸ್ಪೆಕ್ಟರೂ ಬರಲ್ಲ. ಆ ಕೆಲಸ ನಿಮ್ಮದೇ, ನನ್ನದೇ.

ಇದು ನಾಲ್ಕು ಮನೆಯ ಮಾತಲ್ಲ. 2011ರ ಜನಗಣತಿಯ ಹೊತ್ತಿಗೇ ದೇಶದಲ್ಲಿ ಅರವತ್ತು ದಾಟಿದವರು ಸುಮಾರು 10.4 ಕೋಟಿ ಇದ್ದರು. ನಮ್ಮ ಬೀದಿಯಲ್ಲೇ ನೋಡಿ. ಹೊಸದುರ್ಗದ ತೆಂಗಿನ ತೋಟದ ಮನೆಯಲ್ಲಿ ಇಬ್ಬರೇ ಮುದುಕರು, ಮಗ ಬೆಂಗಳೂರಿನಲ್ಲಿ. ಹೊಳಲ್ಕೆರೆಯಲ್ಲಿ ಅಡಿಕೆ ಕೊಯ್ಲಿಗೆ ಆಳು ಸಿಗೋದೇ ಕಷ್ಟ, ಇನ್ನು ಅಜ್ಜನನ್ನು ನೋಡಿಕೊಳ್ಳೋಕೆ ಯಾರು ಸಿಗ್ತಾರೆ? ಸಿಕ್ಕವರೇ ದೇವರು ಅಂತ ಒಪ್ಪಿಕೊಳ್ತೀವಿ. ಕೇಳಿದರೆ ಬಿಟ್ಟುಹೋಗ್ತಾರೇನೋ ಅನ್ನೋ ಹೆದರಿಕೆ. ಆ ಹೆದರಿಕೆಯಿಂದಲೇ ನಾವು ಬಾಯಿ ಮುಚ್ಕೊಂಡಿರೋದು.

ಮೂವತ್ತೇಳು ವರ್ಷ, ಒಂದೂ ಹುಣ್ಣಿಲ್ಲ

‘ಹಾಸಿಗೆ ಹಿಡಿದ ಮೇಲೆ ಹುಣ್ಣಾಗದೆ ಇರುತ್ತಾ?’ ಅಂತ ಕೇಳುವವರು ತುಂಬ ಜನ. ನಾನೂ ಹಾಗೇ ಅಂದುಕೊಂಡಿದ್ದೆ. ಅವರಿಗೆ ನಮ್ಮ ನಾಡಿನ ಒಬ್ಬ ಹೆಣ್ಣುಮಗಳ ಹೆಸರು ಹೇಳಬೇಕು.

ಅರುಣಾ ಶಾನಭಾಗ. ಉತ್ತರ ಕನ್ನಡದ ಹಳದೀಪುರದವರು. ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. 1973ರ ನವೆಂಬರ್ 27ರಂದು ಅದೇ ಆಸ್ಪತ್ರೆಯ ನೌಕರನೊಬ್ಬ ನಾಯಿಯ ಸರಪಳಿಯಿಂದ ಕುತ್ತಿಗೆ ಬಿಗಿದು ಅವರ ಮೇಲೆ ಅತ್ಯಾಚಾರ ಎಸಗಿದ. ಮಿದುಳಿಗೆ ಪೆಟ್ಟಾಗಿ ಅವರು ಮತ್ತೆ ಏಳಲೇ ಇಲ್ಲ. 2015ರ ಮೇ 18ರಂದು ತೀರಿಕೊಳ್ಳುವ ತನಕ, ನಲವತ್ತೊಂದು ವರ್ಷ ದಾಟಿ, ಅವರನ್ನು ನೋಡಿಕೊಂಡಿದ್ದು ಆ ಆಸ್ಪತ್ರೆಯ ನರ್ಸುಗಳು. ಒಂದು ತಲೆಮಾರಿನವರು ನಿವೃತ್ತರಾದರೆ ಮುಂದಿನವರು ಕೈಗೆತ್ತಿಕೊಂಡರು. 2011ರ ಮಾರ್ಚ್‌ನಲ್ಲಿ ಅವರ ದಯಾಮರಣದ ಅರ್ಜಿಯನ್ನು ಸುಪ್ರೀಂ ಕೋರ್ಟ್ ತಳ್ಳಿಹಾಕಿತು. ಮೂವತ್ತೇಳು ವರ್ಷ ಮಲಗಿದ್ದರೂ ಮೈಮೇಲೆ ಒಂದೇ ಒಂದು ಹಾಸಿಗೆ ಹುಣ್ಣು ಇಲ್ಲ ಅನ್ನೋದು ಆ ತೀರ್ಪಿನಲ್ಲೇ ಬರೆದಿದೆ.

ದಯಾಮರಣದ ವಾದವನ್ನು ಇಲ್ಲಿ ಎತ್ತುವುದಿಲ್ಲ. ನನಗೆ ಬೇಕಾದ್ದು ಆ ಒಂದು ಸಾಲು. ಅದನ್ನು ಓದಿದ ದಿನ ನಾನು ಬಹಳ ಹೊತ್ತು ಸುಮ್ಮನೆ ಕೂತಿದ್ದೆ. ಮೂವತ್ತೇಳು ವರ್ಷ ಆಗದೇ ಇದ್ದದ್ದು ನನ್ನ ಮನೆಯಲ್ಲಿ ಐದು ವಾರಕ್ಕೆ ಆಯಿತು. ವ್ಯತ್ಯಾಸ ಇದ್ದದ್ದು ಇಷ್ಟೇ. ಅವರಿಗೆ ಮಗ್ಗುಲು ಬದಲಿಸೋದು ಗೊತ್ತಿತ್ತು, ಗೊತ್ತಿದ್ದನ್ನು ಪ್ರತಿದಿನ ಮಾಡಿದರು.

ಹಾಗಾದರೆ ಗೊತ್ತಿರಬೇಕಾದ್ದು ಏನು?

ಡಾಕ್ಟರು, ನರ್ಸುಗಳು ನಮಗೆ ಆಮೇಲೆ ಹೇಳಿಕೊಟ್ಟದ್ದನ್ನು ಇಲ್ಲಿ ಬರೆದಿದ್ದೇನೆ. ಕತ್ತರಿಸಿ ಅಡಿಗೆಮನೆ ಗೋಡೆಗೆ ಅಂಟಿಸಿಕೊಳ್ಳಿ.

ಬೆನ್ನು: ತಾವೇ ಹೊರಳಲಾಗದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಹಗಲೂ, ರಾತ್ರಿಯೂ. ರಾತ್ರಿ ಎಷ್ಟು ಹೊತ್ತಿಗೊಮ್ಮೆ ಅನ್ನೋದನ್ನು ಹಾಸಿಗೆ ನೋಡಿ ಡಾಕ್ಟರು ಹೇಳ್ತಾರೆ. ಏರ್ ಬೆಡ್ ತಂದೆವು, ಇನ್ನು ತಿರುಗಿಸಬೇಕಿಲ್ಲ ಅನ್ನೋದು ತಪ್ಪು. ದಿನಕ್ಕೊಮ್ಮೆ ಬಾಲದೆಲುಬಿನ ಜಾಗ, ಸೊಂಟದ ಎರಡೂ ಬದಿ, ಹಿಮ್ಮಡಿ, ಮೊಣಕೈ, ತಲೆಯ ಹಿಂಭಾಗ ನೋಡಿ. ಕೆಂಪಾದ ಜಾಗವನ್ನು ಬೆರಳಲ್ಲಿ ಒತ್ತಿ ಬಿಡಿ. ಬಣ್ಣ ಬದಲಾಗದೆ ಕೆಂಪಾಗೇ ಉಳಿದರೆ ಹುಣ್ಣು ಶುರುವಾಗಿದೆ ಅಂತ ಅರ್ಥ. ನಮ್ಮ ಹಾಗೆ ಕಪ್ಪು ಮೈಬಣ್ಣದವರಲ್ಲಿ ಕೆಂಪು ಕಾಣದೆ ಇನ್ನಷ್ಟು ಕಪ್ಪಾಗಿ, ನೇರಳೆಯಾಗಿ, ಮುಟ್ಟಿದರೆ ಬಿಸಿಯಾಗಿ ಇಲ್ಲವೇ ಗಟ್ಟಿಯಾಗಿ ಇರಬಹುದು. ಆ ಜಾಗವನ್ನು ತಿಕ್ಕಬೇಡಿ, ಎಣ್ಣೆ ಹಾಕಿ ಮಾಲೀಸು ಮಾಡಬೇಡಿ, ಪೌಡರ್ ಮೆತ್ತಬೇಡಿ. ಅದರ ಮೇಲೆ ಭಾರ ಬೀಳದ ಹಾಗೆ ಮಲಗಿಸಿ, ಡಾಕ್ಟರಿಗೆ ತೋರಿಸಿ. ನಡುವೆ ತೂತಿರುವ ರಬ್ಬರ್ ರಿಂಗ್ ಮೇಲೆ ಕೂರಿಸುವುದೂ ಒಳ್ಳೆಯದಲ್ಲ. ಸುತ್ತಲಿನ ಚರ್ಮಕ್ಕೆ ರಕ್ತ ಓಡೋದು ಇನ್ನೂ ಕಡಿಮೆಯಾಗುತ್ತೆ.

ಎತ್ತುವುದು: ರಟ್ಟೆ ಹಿಡಿದು ಎಳೆಯಬೇಡಿ. ಲಕ್ವ ಹೊಡೆದ ಕೈಯನ್ನಂತೂ ಎಳೆಯಲೇಬಾರದು, ಭುಜದ ಕೀಲು ಜಾರುತ್ತೆ. ಹಾಸಿಗೆಯ ಮೇಲೆ ದರದರ ಎಳೆದರೆ ಬೆನ್ನಿನ ಚರ್ಮ ಕಿತ್ತುಬರುತ್ತೆ. ಕೆಳಗೆ ಮಡಚಿದ ಬೆಡ್‌ಶೀಟ್ ಹಾಕಿ, ಇಬ್ಬರು ಎರಡು ಬದಿ ಹಿಡಿದು ಎತ್ತಿ ಸರಿಸಿ. ನಮ್ಮ ಜಿಲ್ಲೆಯ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು ಅನ್ನೋದು ನಿಮಗೆಲ್ಲ ಗೊತ್ತೇ ಇದೆ. ಲೀಟರಿಗೆ 1.5 ಮಿಲಿಗ್ರಾಂ ಮಿತಿ ದಾಟಿದ ನೀರನ್ನು ವರ್ಷಾನುಗಟ್ಟಲೆ ಕುಡಿದವರ ಬೆನ್ನು, ಮಂಡಿ ಬಿಗಿದುಕೊಂಡಿರುತ್ತೆ. ಅಂಥ ಮೈಯನ್ನು ಬಲವಂತವಾಗಿ ಬಗ್ಗಿಸಿದರೆ ಏಟಾಗುತ್ತೆ. ಕೆಲಸದವರಿಗೆ ಇದನ್ನು ಮೊದಲ ದಿನವೇ ಹೇಳಿ.

ಸ್ನಾನ: ಬಕೆಟ್ಟಿಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು. ಮೊಣಕೈ ಅದ್ದಿ ನೋಡಿ. ಸಕ್ಕರೆ ಕಾಯಿಲೆ ಇದ್ದವರಿಗೆ ಪಾದದಲ್ಲಿ ಸ್ಪರ್ಶ ಕಡಿಮೆಯಾಗಿರಬಹುದು, ಸುಟ್ಟರೂ ಗೊತ್ತಾಗಲ್ಲ. ಬಿಸಿನೀರಿನ ಚೀಲವನ್ನು ಅವರ ಕಾಲಿಗೆ ಇಟ್ಟು ಮರೆಯಬೇಡಿ. ಬಚ್ಚಲಲ್ಲಿ ಗೋಡೆಗೆ ಹಿಡಿಕೆ, ನೆಲಕ್ಕೆ ಜಾರದ ಮ್ಯಾಟ್, ಹೊರಗಿನಿಂದಲೂ ತೆಗೆಯಬಹುದಾದ ಚಿಲಕ. ಈ ಮೂರಕ್ಕೆ ಆಗುವ ಖರ್ಚು ಒಂದು ಸೊಂಟದ ಮೂಳೆ ಆಪರೇಷನ್ನಿನ ಮುಂದೆ ಏನೇನೂ ಅಲ್ಲ.

ಊಟ: ಮಲಗಿಸಿ ತಿನ್ನಿಸಬೇಡಿ. ಬೆನ್ನಿಗೆ ದಿಂಬು ಕೊಟ್ಟು ನೆಟ್ಟಗೆ ಕೂರಿಸಿ, ಗಲ್ಲ ಸ್ವಲ್ಪ ಕೆಳಗಿರಲಿ. ತೂಕಡಿಸುತ್ತಿರುವಾಗ ಬಾಯಿಗೆ ಏನೂ ಹಾಕಬೇಡಿ. ಒಂದು ತುತ್ತು ನುಂಗಿದ್ದಾರೆ ಅಂತ ಖಾತ್ರಿಯಾದ ಮೇಲೆ ಇನ್ನೊಂದು. ಉಂಡ ಮೇಲೆ ಅರ್ಧ ಗಂಟೆ ಕೂತಿರಲಿ. ಅಂಬಲಿ, ಗಂಜಿ ಶ್ವಾಸನಾಳಕ್ಕೆ ಹೋದರೆ ನ್ಯುಮೋನಿಯಾ ಆಗುತ್ತೆ. ಉಣ್ಣುವಾಗ ಪದೇಪದೇ ಕೆಮ್ಮು ಬಂದರೆ ಡಾಕ್ಟರಿಗೆ ಹೇಳಲೇಬೇಕು.

ಔಷಧಿ: ಯಾವ ಮಾತ್ರೆ, ಎಷ್ಟು ಹೊತ್ತಿಗೆ, ಯಾರು ಕೊಟ್ಟರು, ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಡಾಕ್ಟರು ಬರೆಯದ ನಿದ್ದೆ ಮಾತ್ರೆ ಮನೆಯಲ್ಲಿ ಇರಲೇಬಾರದು. ನುಂಗಲಾಗದು ಅಂತ ಎಲ್ಲ ಮಾತ್ರೆಯನ್ನೂ ಕುಟ್ಟಿ ಪುಡಿ ಮಾಡಬೇಡಿ. ಕೆಲವು ಮಾತ್ರೆ ನಿಧಾನವಾಗಿ ಕರಗಲೆಂದೇ ಮಾಡಿರುತ್ತಾರೆ, ಕುಟ್ಟಿದರೆ ಇಡೀ ದಿನದ್ದು ಒಮ್ಮೆಗೇ ಮೈಗೆ ಸೇರುತ್ತೆ. ಕೇಳಿಕೊಂಡು ಕೊಡಿ.

ಮೂತ್ರದ ಟ್ಯೂಬು ಇದ್ದರೆ: ಮುಟ್ಟುವ ಮೊದಲು, ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಬೇಕು. ಚೀಲ ಯಾವಾಗಲೂ ಹೊಟ್ಟೆಯ ಮಟ್ಟಕ್ಕಿಂತ ಕೆಳಗಿರಲಿ, ಆದರೆ ನೆಲ ಮುಟ್ಟದಿರಲಿ. ಚಳಿಜ್ವರ ಬಂದರೆ, ಮೂತ್ರ ಕಟ್ಟಿದರೆ, ಅದರಲ್ಲಿ ರಕ್ತ ಕಂಡರೆ ಕಾಯಬೇಡಿ.

ನೀರು ಯಾಕೆ ಕುಡಿಯಲ್ಲ ಅಂತ ಕೇಳಿದ್ದೀರಾ?

ಇನ್ನೊಂದು ಸಂಗತಿ ಹೇಳಲೇಬೇಕು. ಗಾಯ ಮಾಯ್ದು, ಹುಡುಗಿ ಊರಿಗೆ ಹೋಗಿ, ನಾನೇ ನೋಡಿಕೊಳ್ಳೋಕೆ ಶುರು ಮಾಡಿದ ಕಾಲ. ಒಂದು ದಿನ ಅತ್ತೆ ಏನೇನೋ ಮಾತಾಡತೊಡಗಿದರು. ಸತ್ತುಹೋದ ಮಾವ ಬಾಗಿಲಲ್ಲಿ ನಿಂತಿದ್ದಾರೆ ಅಂದರು. ಮತ್ತೆ ಲಕ್ವ ಅಂತ ಹೆದರಿ ಓಡಿದೆವು. ಡಾಕ್ಟರು ನೋಡಿ, ‘ಮೂತ್ರದ ಸೋಂಕು. ನೀರು ಎಷ್ಟು ಕುಡೀತಾರೆ?’ ಅಂದರು. ವಯಸ್ಸಾದವರಲ್ಲಿ ಸೋಂಕಾದರೆ ಹೀಗೆ ಒಮ್ಮೆಗೇ ಬುದ್ಧಿ ಕಲಕಿದ ಹಾಗಾಗುವುದುಂಟಂತೆ.

ಲೋಟ ತುಂಬಿಸಿ ಇಡ್ತಿದ್ದೆ, ಸಂಜೆಗೆ ಹಾಗೇ ಇರ್ತಿತ್ತು. ‘ಯಾಕತ್ತೆ ಕುಡಿಯಲ್ಲ?’ ಅಂತ ಹುಷಾರಾದ ಮೇಲೆ ಕೇಳಿದೆ. ತೊದಲುತ್ತಾ ಅಂದರು, ‘ರಾತ್ರಿ ನಿನ್ನ ಎಬ್ಬಿಸ್ಬೇಕಾಗ್ತದಲ್ಲವ್ವಾ. ಹೋದ್ಸಲ ಬೆಡ್ ಪ್ಯಾನ್ ಕೇಳಿದಾಗ ನೀನು ಹಣೆ ಚಚ್ಕೊಂಡೆ.’

ನಾನು ಹಣೆ ಚಚ್ಕೊಂಡಿದ್ದು ನಿಜ. ಬೆಳಿಗ್ಗೆ ಐದಕ್ಕೆ ಎದ್ದು ಮಗಳ ಸ್ಕೂಲು, ಡಬ್ಬಿ, ಅಡಿಗೆ ಮುಗಿಸಿ, ರಾತ್ರಿ ಮೂರನೇ ಸಲ ಕರೆದಾಗ ಕೈ ತಾನಾಗೇ ಹಣೆಗೆ ಹೋಯಿತು. ಅವರು ಅದನ್ನು ಕಂಡರು. ಅವತ್ತಿಂದ ನೀರು ಬಿಟ್ಟರು. ನಾನು ಹೊಡೆಯಲಿಲ್ಲ, ಬೈಯಲಿಲ್ಲ. ಆದರೂ ಅವರು ಹೆದರಿದ್ದು ನನಗೇ ಅಲ್ವಾ?

ಮನೆಯವರೇ ನೋಡಿಕೊಂಡರೆ ಎಲ್ಲ ಸರಿ, ಹೊರಗಿನವರು ನೋಡಿಕೊಂಡರೆ ಅಪಾಯ ಅಂತ ನಾವು ಸುಲಭವಾಗಿ ಹೇಳ್ತೀವಿ. ಅದು ನಿಜವಲ್ಲ. ಆರೈಕೆಯ ಗುಣ ಇರೋದು ರಕ್ತಸಂಬಂಧದಲ್ಲಲ್ಲ, ಮಾಡುವ ರೀತಿಯಲ್ಲಿ. ಮುಟ್ಟುವ ಮೊದಲು ‘ಈಗ ಮಗ್ಗುಲು ತಿರುಗಿಸ್ತೀನಿ ಅತ್ತೆ’ ಅಂತ ಹೇಳುವುದು. ಬಟ್ಟೆ ಬದಲಿಸುವಾಗ ಬಾಗಿಲು ಮುಚ್ಚುವುದು, ಮೇಲೊಂದು ಹೊದಿಕೆ ಎಳೆಯುವುದು. ನೆಂಟರ ಎದುರು ‘ಇವತ್ತು ಹಾಸಿಗೇಲೇ ಮಾಡ್ಕೊಂಡ್ರು’ ಅಂತ ಹೇಳದಿರುವುದು. ಇದಕ್ಕೆ ದುಡ್ಡು ಬೇಡ, ಡಿಗ್ರಿ ಬೇಡ. ಜೀವನವಿಡೀ ಸೆರಗು ಹೊದ್ದು ಓಡಾಡಿದ ಹೆಂಗಸಿಗೆ ಯಾರೋ ಒಬ್ಬರ ಮುಂದೆ ಬೆತ್ತಲಾಗುವುದು ಎಷ್ಟು ಕಷ್ಟ ಅಂತ ಹೆಣ್ಣಾದ ನಮಗೆ ಹೇಳಿಕೊಡಬೇಕಾ?

ಕೆಲಸಕ್ಕೆ ತೆಗೆದುಕೊಳ್ಳುವ ಮೊದಲು

ಕೂಸಿಗೆ ಎರೆಯೋಕೆ ಬರುವ ಅಜ್ಜಿಯನ್ನು ನಾವು ಹೇಗೆ ಹುಡುಕ್ತೀವಿ, ನೆನಪು ಮಾಡಿಕೊಳ್ಳಿ. ಯಾರ ಮನೆ ಬಾಣಂತನ ಮಾಡಿದ್ದಾಳೆ, ಕೈ ಹಗುರವಾ, ಕೂಸು ಅಳುತ್ತಾ, ಎಲ್ಲ ಕೇಳಿ ಆಮೇಲೆ ಕೂಸನ್ನು ಅವಳ ಕಾಲ ಮೇಲೆ ಹಾಕ್ತೀವಿ. ಮೊದಲ ವಾರ ಅಮ್ಮನೋ ಅತ್ತೆಯೋ ಬಚ್ಚಲ ಬಾಗಿಲಲ್ಲೇ ಕೂತಿರ್ತಾರೆ. ಮುದುಕರ ವಿಚಾರದಲ್ಲೂ ಅಷ್ಟೇ ಮಾಡಿದರೆ ಸಾಕು.

‘ಹೋಂ ನರ್ಸ್’ ಅಂತ ಹೇಳಿ ಕಳಿಸುವವರೆಲ್ಲ ನರ್ಸುಗಳಲ್ಲ. ಎಎನ್‌ಎಂ ಎರಡು ವರ್ಷದ ಕೋರ್ಸು, ಜಿಎನ್‌ಎಂ ಮೂರು ವರ್ಷ, ಬಿಎಸ್‌ಸಿ ನರ್ಸಿಂಗ್ ನಾಲ್ಕು ವರ್ಷ. ಓದಿದವರು ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿ ಮಾಡಿಸಿರ್ತಾರೆ. ಇಂಜೆಕ್ಷನ್, ಟ್ಯೂಬು, ಡ್ರೆಸ್ಸಿಂಗ್ ಇದ್ದರೆ ಆ ನೋಂದಣಿ ಸಂಖ್ಯೆ ಕೇಳಿ. ಬರೀ ಸ್ನಾನ, ಊಟ, ಬಟ್ಟೆಗೆ ಅಟೆಂಡರ್ ಸಾಕು. ಆದರೆ ಅವರ ಕೈಗೆ ಇನ್ಸುಲಿನ್ ಸೂಜಿ ಕೊಟ್ಟು ನೀವು ಅಡಿಗೆಗೆ ಹೋಗಬೇಡಿ. ಗುರುತಿನ ಚೀಟಿ, ಹಿಂದೆ ಕೆಲಸ ಮಾಡಿದ ಮನೆಯ ಫೋನ್ ನಂಬರ್ ತೆಗೆದುಕೊಂಡು ನಿಜಕ್ಕೂ ಫೋನ್ ಮಾಡಿ. ಪೊಲೀಸ್ ವೆರಿಫಿಕೇಷನ್ ಮಾಡಿಸಲು ಸಂಕೋಚ ಬೇಡ. ಮೊದಲ ವಾರ ಪಕ್ಕದಲ್ಲೇ ನಿಂತು ನೋಡಿ. ಆಮೇಲೂ ವಾರದಲ್ಲಿ ಎರಡು ದಿನ ಸ್ನಾನ ನಿಮ್ಮ ಎದುರೇ ಆಗಲಿ. ಮಲಗಿದವರನ್ನು ಒಬ್ಬರೇ ಇರುವಾಗ ಮೆಲ್ಲಗೆ ಕೇಳಿ. ಮಾತು ಬರದವರಾದರೆ ಕಣ್ಣು ನೋಡಿ. ಆ ಕೈ ಹತ್ತಿರ ಬಂದಾಗ ಮೈ ಕುಗ್ಗಿಸುತ್ತಾರಾ? ಕಾರಣ ಗೊತ್ತಿಲ್ಲದ ನೀಲಿಗಟ್ಟಿದ ಗುರುತು ಇದೆಯಾ? ಉಗುರು, ಬಾಯಿ ಸ್ವಚ್ಛ ಇದೆಯಾ?

ಹಾಗೇ ಆ ಹೆಣ್ಣುಮಗಳ ಕಡೆಯಿಂದಲೂ ಒಮ್ಮೆ ನೋಡಿ. ಹಗಲೂ ರಾತ್ರಿ ಒಬ್ಬಳೇ ಎರಡು ಗಂಟೆಗೊಮ್ಮೆ ಏಳಬೇಕು ಅಂದರೆ ಅವಳು ನಿದ್ದೆ ಮಾಡೋದು ಯಾವಾಗ? ನೆಲದ ಮೇಲೆ ಚಾಪೆ, ಉಳಿದ ಅನ್ನ, ತಿಂಗಳಿಗೊಂದು ರಜೆ ಕೂಡ ಇಲ್ಲ ಅಂದರೆ ಅವಳ ಕೈ ಎಷ್ಟು ದಿನ ಮೆತ್ತಗಿರುತ್ತೆ? ಮನೆಗೆಲಸದವರಿಗೆ ಕನಿಷ್ಠ ಕೂಲಿ ಗೊತ್ತುಪಡಿಸಿ ನಮ್ಮ ರಾಜ್ಯ ಆದೇಶ ಹೊರಡಿಸಿದ್ದು 2004ರಲ್ಲಿ. ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಮನೆಗೆಲಸದವರಿಗೂ ಅನ್ವಯಿಸುತ್ತೆ, ನಮ್ಮ ಮನೆಯೂ ಅವಳಿಗೆ ‘ಕೆಲಸದ ಜಾಗ’. ‘ತಪ್ಪಾದರೆ ಹೇಳು, ಬೈಯಲ್ಲ’ ಅಂತ ಮೊದಲ ದಿನವೇ ಹೇಳಿ, ಹೇಳಿದಾಗ ನಿಜವಾಗಿಯೂ ಬೈಯಬೇಡಿ. ಆ ಒಂದು ಮಾತು ನಾನು ಹೇಳಿದ್ದರೆ ನಮ್ಮತ್ತೆಯ ಗಾಯ ಕೆಂಪು ಕಲೆಯಾಗಿದ್ದಾಗಲೇ ನಿಂತುಹೋಗ್ತಿತ್ತು.

ಕಾಯ್ದೆಯಲ್ಲಿ ಸೊಸೆ ಇಲ್ಲ!

ಈಗ ಮನೆಯ ಗಂಡಸರಿಗೂ ಓದಿ ಹೇಳಬೇಕಾದ ಮಾತು. ತಂದೆ ತಾಯಿ, ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣಕ್ಕೆ 2007ರಲ್ಲಿ ಕೇಂದ್ರ ಸರ್ಕಾರ ಕಾಯ್ದೆ ತಂದಿತು. ಅದರಲ್ಲಿ ‘ಮಕ್ಕಳು’ ಅಂದರೆ ಯಾರು ಗೊತ್ತಾ? ಮಗ, ಮಗಳು, ಮೊಮ್ಮಗ, ಮೊಮ್ಮಗಳು. ಸೊಸೆಯ ಹೆಸರಿಲ್ಲ. ಸೊಸೆ, ಅಳಿಯನನ್ನೂ ಸೇರಿಸಲು 2019ರಲ್ಲಿ ಮಸೂದೆ ಬಂದರೂ ಅದು ಕಾಯ್ದೆಯಾಗಲಿಲ್ಲ. ನಾನು ಇದನ್ನು ಹೇಳ್ತಿರೋದು ‘ನಮಗೇನು’ ಅಂತ ಕೈ ತೊಳೆದುಕೊಳ್ಳೋಕಲ್ಲ. ಅತ್ತೆಯ ಮಲಮೂತ್ರ ತೆಗೆಯೋದು ಸೊಸೆಯ ಕೆಲಸ, ಮಗ ಬಾಗಿಲಲ್ಲಿ ನಿಂತು ‘ಅಮ್ಮ ಹೇಗಿದ್ದಾಳೆ?’ ಅಂತ ಕೇಳಿದರೆ ಸಾಕು ಅನ್ನುವ ಪದ್ಧತಿ ಇದೆಯಲ್ಲ, ಅದು ಕಾಯ್ದೆಯಲ್ಲೂ ಇಲ್ಲ, ಧರ್ಮದಲ್ಲೂ ಇಲ್ಲ ಅಂತ ಹೇಳೋಕೆ.

ಸುಸ್ತಾದ ಕೈ ಅಪಾಯದ ಕೈ. ರಾತ್ರಿ ಪಾಳಿ ಹಂಚಿಕೊಳ್ಳಿ. ನಮ್ಮನೆಯಲ್ಲಿ ಈಗ ರಾತ್ರಿ ಒಂದು ಗಂಟೆ ಮತ್ತು ಮೂರು ಗಂಟೆಯ ಮಗ್ಗುಲು ನಮ್ಮೆಜಮಾನ್ರದು. ಮೊದಮೊದಲು ಗೊಣಗಿದರು. ಈಗ ಅಲಾರಂ ಅವರೇ ಇಟ್ಟುಕೊಳ್ತಾರೆ. ನಾದಿನಿ ತಿಂಗಳಲ್ಲಿ ಎರಡು ಭಾನುವಾರ ಹಿರಿಯೂರಿನಿಂದ ಬರ್ತಾಳೆ. ಆ ದಿನ ನಾನು ತವರಿಗೆ ಹೊಸದುರ್ಗಕ್ಕೆ ಹೋಗಿ ಮಲಗಿ ನಿದ್ದೆ ಮಾಡಿ ಬರ್ತೀನಿ. ಹೌದು, ಬರೀ ನಿದ್ದೆ!

ಯಾರೂ ಇಲ್ಲದವರು, ಇದ್ದೂ ಇಲ್ಲದವರು ಏನು ಮಾಡಬೇಕು? ಅದೇ 2007ರ ಕಾಯ್ದೆಯಡಿ ಉಪವಿಭಾಗಾಧಿಕಾರಿಗಳ ಮುಂದೆ ವಕೀಲರಿಲ್ಲದೆ ಅರ್ಜಿ ಹಾಕಬಹುದು. ತಿಂಗಳಿಗೆ 10,000 ರೂಪಾಯಿ ತನಕ ಜೀವನಾಂಶ ಕೊಡಿಸಲು ಕಾಯ್ದೆಯಲ್ಲಿ ಅವಕಾಶವಿದೆ. ನೋಡಿಕೊಳ್ತೀವಿ ಅನ್ನುವ ಷರತ್ತಿನ ಮೇಲೆ ಆಸ್ತಿ ಬರೆಸಿಕೊಂಡು ಆಮೇಲೆ ಕೈಬಿಟ್ಟರೆ ಆ ಪತ್ರವನ್ನೇ ರದ್ದು ಮಾಡಿಸಬಹುದು. ಹಿರಿಯರನ್ನು ಎಲ್ಲೋ ತಂದುಬಿಟ್ಟು ಹೋದರೆ ಮೂರು ತಿಂಗಳ ತನಕ ಜೈಲು, ಇಲ್ಲವೇ 5,000 ರೂಪಾಯಿ ತನಕ ದಂಡ, ಅಥವಾ ಎರಡೂ. ಬೆಳಗಾವಿಯ ಸರ್ಕಾರಿ ವೈದ್ಯಕೀಯ ಸಂಸ್ಥೆಯ ಆಸ್ಪತ್ರೆಯಲ್ಲಿ ಹೆತ್ತವರನ್ನು ಸೇರಿಸಿ ಮಾಯವಾಗುವ ಮಕ್ಕಳ ವಿಷಯ 2025ರಲ್ಲಿ ದೊಡ್ಡ ಸುದ್ದಿಯಾದಾಗ ನಾವೆಲ್ಲ ಛೀ ಅಂದೆವು. ಆದರೆ ಮನೆಯೊಳಗೇ ಇಟ್ಟುಕೊಂಡು, ಬೆನ್ನು ನೋಡದೆ ಬಿಡುವುದೂ ಒಂದು ಥರದ ಕೈಬಿಡುವಿಕೆಯೇ ಅಲ್ವಾ?

ಈ ನಂಬರ್‌ಗಳು ಫೋನಿನಲ್ಲಿರಲಿ. ಹಿರಿಯ ನಾಗರಿಕರ ಸಹಾಯವಾಣಿ 14567. ತುರ್ತಿಗೆ 112. ಆಂಬುಲೆನ್ಸಿಗೆ 108. ಉಚಿತ ಕಾನೂನು ನೆರವಿಗೆ 15100. ನಿಮ್ಮ ಬೀದಿಯ ಆಶಾ ಕಾರ್ಯಕರ್ತೆಯ ಹತ್ತಿರ ಮಾತಾಡಿ. ಹಿರಿಯರ ಆರೋಗ್ಯಕ್ಕೆಂದು 2010ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಹಾಸಿಗೆ ಹಿಡಿದವರ ಮನೆಗೆ ಭೇಟಿ ಕೊಡುವುದೂ ಸೇರಿದೆ. ಕೇಳಿದರೆ ತಾನೇ ಸಿಗೋದು? ಜಿಲ್ಲಾಸ್ಪತ್ರೆಯಿಂದ ಡಿಸ್ಚಾರ್ಜ್ ಆಗುವ ದಿನ ಗಡಿಬಿಡಿಯಲ್ಲಿ ಆಟೋ ಹತ್ತಬೇಡಿ. ವಾರ್ಡಿನ ಸಿಸ್ಟರ್ ಹತ್ತಿರ ಹತ್ತು ನಿಮಿಷ ನಿಂತು, ‘ಸಿಸ್ಟರ್, ಮಗ್ಗುಲು ಹೇಗೆ ತಿರುಗಿಸೋದು ಒಂದ್ಸಲ ತೋರಿಸಿ’ ಅಂತ ಕೇಳಿ. ತೋರಿಸ್ತಾರೆ.

ನಮ್ಮ ಅತ್ತೆ ಈಗ ಚೆನ್ನಾಗಿದ್ದಾರೆ. ಎಡಗೈಲಿ ತಾವೇ ಮುದ್ದೆ ಮುರಿದುಕೊಳ್ತಾರೆ. ನೀರಿನ ಲೋಟ ಖಾಲಿಯಾದರೆ ಅದರಿಂದಲೇ ಮಂಚ ತಟ್ಟಿ ಕರೀತಾರೆ. ರಾತ್ರಿ ಎರಡು ಸಲ ಬೆಡ್ ಪ್ಯಾನ್ ಕೇಳ್ತಾರೆ, ಹೆದರದೆ ಕೇಳ್ತಾರೆ. ನಮ್ಮ ಮನೆಯ ಆರೈಕೆ ಸರಿಯಾಗಿದೆ ಅನ್ನೋಕೆ ನನಗೆ ಬೇರೆ ಸರ್ಟಿಫಿಕೇಟ್ ಬೇಕಿಲ್ಲ.

ಸರಿ, ಪೇಪರ್ ಮಡಚಿಡಿ. ಒಲೆ ಸಣ್ಣ ಮಾಡಿ ಒಳಕೋಣೆಗೆ ಹೋಗಿ. ‘ಅತ್ತೆ, ಸ್ವಲ್ಪ ಮಗ್ಗುಲಾಗಿ, ಬೆನ್ನು ನೋಡ್ತೀನಿ’ ಅಂತ ಹೇಳಿ. ಎರಡು ನಿಮಿಷದ ಕೆಲಸ. ಇವತ್ತೇ ಮಾಡ್ತೀರಾ ತಾನೆ?